ಬಯಲಿಗೆ ಹಾಸಿದ ಬಟ್ಟೆ

ಕಲ್ಲಿನ ಮೇಲೆ ಕೆತ್ತಿದ್ದ ಸಾಲು ಹೀಗಿತ್ತು: ‘ತಿಪ್ಪೇರುದ್ರಪ್ಪ, ಬರ್ಮಾ, ೧೯೪೪. ಶತ್ರುಗಳ ಮೇಲೆ ನುಗ್ಗಿ ಕಾದಾಡುತ್ತ ಮಡಿದರು.’

ನನ್ನ ಗಂಡ ಯಾರ ಮೇಲೂ ನುಗ್ಗಿರಲಿಲ್ಲ. ಆ ಸಾಲು ಬರೆದುಕೊಟ್ಟವರು ನನ್ನ ಮಾವ ಮರಿಬಸಪ್ಪ. ಯುದ್ಧದಲ್ಲಿ ಸತ್ತವರಿಗೆ ಕುರುಗೋಡಿನಲ್ಲಿ ಕಲ್ಲು ನಿಲ್ಲಿಸಲು ನಲವತ್ತಾರರಲ್ಲಿ ಮಾಡಿದ ಸಮಿತಿಗೆ ಅವರೇ ಅಧ್ಯಕ್ಷರು.

ನಿಜ ಏನೆಂದು ಅವರಿಗೆ ಗೊತ್ತಿತ್ತು. ಅದೇ ತುಕಡಿಯಲ್ಲಿದ್ದು ತಿರುಗಿ ಬಂದ ಮಡಿವಾಳರ ಎರ್ರೆಪ್ಪ ನಮ್ಮ ಪಡಸಾಲೆಯಲ್ಲೇ ಕೂತು ಹೇಳಿದ್ದ.

“ಮದ್ಲ ಜಪಾನಿನೋರು ಸುತ್ತ ಹಾಕ್ಕೊಂಡ್ರ ದಂಡು ಹಿಂದಕ ಓಡ್ತಿತ್ರಿ. ಅನ್ನ, ಗುಂಡು ಬರೋ ದಾರಿ ಕಡದ್ರ ಮುಗೀತು. ಆ ವರ್ಷ ಹುಕುಂ ಬದಲಾತು. ಸುತ್ತ ಹಾಕಿದ್ರ ಹಾಕ್ಲಿ, ಇದ್ದಲ್ಲೇ ಕುಂದರ್ರಿ, ಅಕ್ಕಿ ಮ್ಯಾಲಿಂದ ಬೀಳ್ತೈತಿ ಅಂದ್ರು. ಬಿತ್ತು ಬಿಡ್ರಿ. ವಿಮಾನದಾಗಿಂದ ಅಕ್ಕಿ, ಗುಂಡು, ಬೀಡಿ ಸೈತ.”

ಆದರೆ ಕಾಡಿನಲ್ಲಿ ಅಡಗಿದ ದಂಡು ವಿಮಾನಕ್ಕೆ ಕಾಣುವುದಿಲ್ಲ. ಯಾರಾದರೂ ಮರದ ಮರೆ ಬಿಟ್ಟು ಬಯಲಿಗೆ ಹೋಗಿ ಬಿಳಿ ಬಟ್ಟೆಯ ಗುರುತು ಹಾಸಬೇಕು. ಎರಡು ಪಟ್ಟಿ, ಒಂದರ ತಲೆಗೆ ಇನ್ನೊಂದು ಅಡ್ಡ. ದಿನಾ ಹಾಸುತ್ತಿದ್ದವನು ಎರ್ರೆಪ್ಪ. ಅವನಿಗೆ ಚಳಿಜ್ವರ ಬಂದ ದಿನ ನನ್ನ ಗಂಡ ಹೋದರು. ಎರಡನೆಯ ಪಟ್ಟಿ ಬಿಡಿಸುವಾಗ ಗುಂಡು ತಾಗಿತು. ಅದನ್ನೂ ಹಾಸಿಯೇ ಬಿದ್ದರಂತೆ. ಆ ದಿನ ಮುನ್ನೂರು ಜನ ಊಟ ಮಾಡಿದರು.

ಬಟ್ಟೆ ಹಾಸುವವನನ್ನು ಮೊದಲು ಹೊಡೆಯಬೇಕೆಂದು ಶತ್ರು ಕಲಿತಿದ್ದ. ನನ್ನ ಮಾವ ಅಷ್ಟನ್ನೂ ಕಲಿಯಲಿಲ್ಲ.

ನನ್ನ ಗಂಡ ಸತ್ತಾಗ ಮದುವೆಯಾಗಿ ಹನ್ನೊಂದು ತಿಂಗಳಾಗಿತ್ತು. ದೇಹ ಬರಲಿಲ್ಲ. ಅವರು ಸತ್ತ ರೀತಿಯೊಂದೇ ನನಗೆ ಉಳಿದದ್ದು. ಅದನ್ನೂ ಮಾವ ಕಿತ್ತುಕೊಂಡರು.

“ಸುಳ್ಳು ಯಾಕ ಬರೆಸಿದ್ರಿ, ಮಾವಾರ?” ಎಂದೆ.

“ಮತ್ತೇನು, ಮಡಿವಾಳರ ಕೆಲಸ ಮಾಡಾಕ ಹೋಗಿ ಸತ್ತ ಅಂತ ಬರೆಸ್ಲೇನು? ನೀ ಮದ್ರಾಸಿನಾಗ ಬಿ.ಎ. ಓದಿದಾಕಿ. ಈ ಊರಾಗ ತಲಿ ಎತ್ತಿ ನಡ್ಯಾವ ನಾನು.”

“ಅವರು ಹಾಸಿದ್ದಕ್ಕ ಮುನ್ನೂರು ಮಂದಿ ಉಂಡಾರ್ರಿ.”

“ಉಂಡೋರು ಬಂದು ಹೇಳ್ಲಿ. ನೀ ಒಳಗ ನಡಿ.”

ಅವರ ತಲೆಯ ಮೇಲೆ, ಗೋಡೆಯಲ್ಲಿ, ಬಟ್ಟೆಯ ಗಂಟು ಹೊತ್ತ ಮಡಿವಾಳ ಶರಣನ ಪಟವಿತ್ತು. ದಿನಾ ಅದಕ್ಕೆ ವಿಭೂತಿ ಹಚ್ಚುತ್ತಿದ್ದರು.

ಕಲ್ಲು ಕೆತ್ತಿದ ಚಿನ್ನಪ್ಪನನ್ನೂ ಕೇಳಿದೆ. “ಸಾವ್ಕಾರ್ರು ಹೇಳಿದ್ದು ಕೆತ್ತೀನ್ರಿ. ನಿಜಕ್ಕೊಂದು, ಸುಳ್ಳಿಗೊಂದು ಅಂತ ಎರಡು ಉಳಿ ಇಲ್ರಿ ನನ್ನ ಹತ್ರ,” ಎಂದ.

ಕಲ್ಲಿನ ಪೂಜೆಗೆ ಬಳ್ಳಾರಿಯಿಂದ ದೊಡ್ಡ ಅಧಿಕಾರಿ ಬರುವವರಿದ್ದರು. ದೇವರ ಮೆರವಣಿಗೆಗೂ ದೊಡ್ಡವರಿಗೂ ಪಾದ ನೆಲಕ್ಕೆ ತಾಗದಂತೆ ಮಡಿವಾಳರು ದಾರಿಗೆ ಬಟ್ಟೆ ಹಾಸುವುದು ನಮ್ಮಲ್ಲಿ ರೂಢಿ. ನಡೆಮಡಿ ಎನ್ನುತ್ತಾರೆ. ಎರ್ರೆಪ್ಪನಿಗೆ ಹೇಳಿಕಳಿಸಿದರು. ಮೂರು ವರ್ಷ ದಂಡಿನಲ್ಲಿದ್ದವನಿಗೆ ಆ ಕಲ್ಲಿನ ಮುಂದೆ ಕುರ್ಚಿ ಇರಲಿಲ್ಲ. ಬಟ್ಟೆ ಹಾಸುವ ಕೆಲಸವಿತ್ತು.

ನಾನು ಹಿತ್ತಲ ಬಾಗಿಲಿಂದ ಅವನ ಮನೆಗೆ ಹೋದೆ.

“ಎರ್ರೆಪ್ಪ, ಅಲ್ಲಿ ಬರ್ಮಾದಾಗ ಹಾಸಿದಂಗ ಹಾಸ್ತಿಯೇನು?”

ಅವನು ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟ.

“ಸಾವ್ಕಾರ್ರು ಚರ್ಮ ಸುಲೀತಾರ್ರಿ, ಅಮ್ಮಾರ.” ಆಮೇಲೆ ನಕ್ಕ. “ಜಪಾನಿನೋರಿಗೇ ಸಿಗಲಿಲ್ಲ ಈ ಚರ್ಮ.”

ಕಾರು ಬಂದು ನಿಂತಾಗ ದಾರಿಯಲ್ಲಿ ಬಟ್ಟೆ ಇರಲಿಲ್ಲ. ಕಲ್ಲಿನ ಮುಂದಿನ ಬಯಲಿನಲ್ಲಿ ಎರಡು ಬಿಳಿ ಪಟ್ಟಿಗಳಿದ್ದವು, ಒಂದರ ತಲೆಗೆ ಇನ್ನೊಂದು ಅಡ್ಡ. ಹಾರದಂತೆ ತುದಿಗಳ ಮೇಲೆ ಕಲ್ಲು ಹೇರಲಾಗಿತ್ತು.

“ಇದೇನು?” ಎಂದರು ಅಧಿಕಾರಿ.

“ತುಳೀಬ್ಯಾಡ್ರಿ, ಸಾಹೇಬ್ರ,” ಎಂದ ಎರ್ರೆಪ್ಪ. “ಇದನ್ನ ಹಾಸಾಕ ಹೋಗಿ ನಮ್ಮ ತಿಪ್ಪೇರುದ್ರಪ್ಪನೋರು ಸತ್ರು.”

“ಲೇ ಎರ್ರ್ಯಾ, ತಗೀಲೇ ಅದನ್ನ!” ಮಾವ ಕೂಗಿದರು.

ಎರ್ರೆಪ್ಪ ಕವಾಯತಿನಲ್ಲಿ ನಿಂತಂತೆ ನೆಟ್ಟಗೆ ನಿಂತ. ಬೇರೆ ಯಾರೂ ಮುಂದೆ ಬರಲಿಲ್ಲ. ಹಾಸಿದ ಬಟ್ಟೆ ಮುಟ್ಟುವುದು ಮಡಿವಾಳರ ಕೆಲಸ, ಅವರದಲ್ಲವಲ್ಲ.

ಕೊನೆಗೆ ಮಾವನೇ ಓಡಿಬಂದರು. ಊರೆಲ್ಲ ನೋಡುತ್ತಿರುವಾಗ, ಜರಿಯ ರುಮಾಲು ಸುತ್ತಿದ ತಲೆ ಬಗ್ಗಿಸಿ, ಬಯಲಿನಲ್ಲಿ ಬಟ್ಟೆ ಎತ್ತತೊಡಗಿದರು. ಮೊದಲು ಉದ್ದದ ಪಟ್ಟಿ, ಆಮೇಲೆ ಅಡ್ಡಪಟ್ಟಿ.

ಅವರ ಮೇಲೆ ಯಾರೂ ಗುಂಡು ಹಾರಿಸಲಿಲ್ಲ.