ಲಿಫ್ಟಿನ ಲೆಕ್ಕ

"ನನ್ನ ಲೆಕ್ಕ ತಪ್ಪು ಅಂತ ಇವರಿಗೆಲ್ಲ ಹೇಳೋಕೆ ನೀನ್ಯಾರು?"

ಹಳೆಯ ಕಂಪ್ಯೂಟರುಗಳ ಪ್ರದರ್ಶನ ನೋಡಲು ಬಂದವರು ತಿರುಗಿ ನೋಡಿದರು. ತಂಗಿಗೆ ಅದರ ಪರಿವೆಯಿರಲಿಲ್ಲ. ಕಾರು ಕಲಿಯುವವರ ಪಕ್ಕ ಕೂತು ದಿನವಿಡೀ "ಬ್ರೇಕ್, ಬ್ರೇಕ್" ಎಂದು ಕೂಗಿ ಪಳಗಿದ ಗಂಟಲು ಅದು. ಪಿಸುಮಾತು ಅದಕ್ಕೆ ಒಗ್ಗುವುದೇ ಇಲ್ಲ.

ಅಣ್ಣ ಹಲ್ಲಿನ ಡಾಕ್ಟರು. ಬಾಯಿ ತೆರೆದು ಮಲಗಿದವರ ಜೊತೆ ಮಾತಾಡಿಯೇ ಅಭ್ಯಾಸವಾದವನಿಗೆ ಎದುರುಮಾತೆಂದರೆ ಗಾಬರಿ. "ಮೆಲ್ಲಗೆ ಮಾತಾಡು ಪುಟ್ಟಿ. ನಿನ್ನ ಆಟದ ಲಿಫ್ಟು ಮಹಡಿಗಳ ಮಧ್ಯೆ ನಿಲ್ತಿತ್ತು. ನಾನೇ ಅಲ್ಲಲ್ಲಿ ನಂಬರ್ ಬದಲಾಯಿಸಿ ಸರಿ ಮಾಡ್ದೆ."

ಸರಿ ಮಾಡಿದ ಚಂದ ನೋಡಬೇಕಿತ್ತು! ಪರದೆಯ ಮೇಲೆ ಅವಳ ಲಿಫ್ಟು ಕೊನೆಯ ಮಹಡಿಯನ್ನೂ ದಾಟಿ, ಸೂರು ತೂರಿಕೊಂಡು, ಆಟದ ಅಂಕಗಳ ನಡುವೆ ಹೋಗಿ ನಿಂತಿತ್ತು. ಹತ್ತೊಂಬತ್ತರ ವಯಸ್ಸಿನಲ್ಲಿ ಅವಳು ಬರೆದ ಆಟ. ಜೀವಮಾನದಲ್ಲಿ ಬರೆದದ್ದು ಅದೊಂದೇ. ಹಳೇ ಕ್ಯಾಸೆಟ್ಟಿನಿಂದ ಅದನ್ನು ಉಳಿಸಿಕೊಡು ಎಂದಷ್ಟೇ ಅಣ್ಣನಿಗೆ ಹೇಳಿದ್ದಳು. ಅವನು ಅಧಿಕಪ್ರಸಂಗ ಮಾಡಿ, ಬರೆದ ಸಾಲುಗಳನ್ನು ಯಂತ್ರದ ಅಂಕಿಗಳಾಗಿಸುವ ಅಸೆಂಬ್ಲರನ್ನೇ ಬದಲಾಯಿಸಿದ್ದ. ಹಳೆಯದು, ಅಣ್ಣ ಪ್ರದರ್ಶನಕ್ಕೆ ತಂದಿಟ್ಟಿದ್ದ ಮನೆಯ ಪುಟ್ಟ ಕಂಪ್ಯೂಟರಿನೊಳಗೇ ಕೂತು ತೂಕಡಿಸುತ್ತ ಮಾಡುತ್ತಿದ್ದ ಕೆಲಸವನ್ನು ಹೊಸದು ಅವನ ಲ್ಯಾಪ್‌ಟಾಪಿನಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಸುತ್ತಿತ್ತು. ಆಟ ಕೆಟ್ಟಾಗ, "ತಂಗಿ ಬರೆದದ್ದು, ಲೆಕ್ಕದಲ್ಲಿ ಸ್ವಲ್ಪ ವೀಕು" ಎಂದು ಬೆಳಗ್ಗೆಯಿಂದ ಬಂದವರನ್ನೆಲ್ಲ ನಗಿಸಿದ್ದ.

ಅವಳು ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡು ಸಾಲುಗಳನ್ನು ಓದಿದಳು. ಓದುತ್ತ ಓದುತ್ತ ಮೈಯೆಲ್ಲ ಉರಿಯಿತು.

"ಕೊನೇ ಮಹಡಿಯ ಸಾಲು. ನೀನು ಕೈ ಹಾಕೋಕೆ ಮರ್ತಿದ್ದು ಇದೊಂದೇ. ಓದು."

"ಮೂರು ಪ್ಲಸ್ ಒಂದು ಇಂಟು ಎಂಟು."

"ಎಷ್ಟಾಯ್ತು?"

"ಗುಣಾಕಾರ ಮೊದಲು. ಹನ್ನೊಂದು."

"ಅದು ನಿನ್ನ ಹೊಸದರ ಲೆಕ್ಕ. ಹಳೇದಕ್ಕೆ ಆ ನಿಯಮ ಗೊತ್ತಿಲ್ಲ. ಎಡಗಡೆಯಿಂದ ಸಿಕ್ಕಿದ್ದನ್ನ ಸಿಕ್ಕಿದ ಹಾಗೇ ಮಾಡ್ಕೊಂಡು ಹೋಗತ್ತೆ. ಮೂರಕ್ಕೆ ಒಂದು ಸೇರಿ ನಾಲ್ಕು, ನಾಲ್ಕೆಂಟ್ಲೆ ಮೂವತ್ತೆರಡು. ಅದಕ್ಕೆ ತಕ್ಕ ಹಾಗೇ ಬರ್ದಿದ್ದೆ ನಾನು! ಪರದೆಯ ಮೇಲಂಚಿಂದ ಮೂವತ್ತೆರಡು ಗೆರೆ ಕೆಳಗೆ ನಿಲ್ಬೇಕಾದ ಲಿಫ್ಟು, ನಿನ್ನ ಹನ್ನೊಂದಕ್ಕೆ ಸೂರು ದಾಟಿ ಹೋಯ್ತು!"

ಅಣ್ಣ ತಲೆ ಕೆರೆದುಕೊಂಡ. "ಅಷ್ಟೇನಾ? ಬ್ರಾಕೆಟ್ ಹಾಕಿದ್ರೆ ಆಯ್ತಲ್ಲ. ಇಷ್ಟಕ್ಕೆ ಇಷ್ಟೊಂದು ರಾದ್ಧಾಂತನಾ?"

"ಇಷ್ಟಕ್ಕೇನಾ? ಅವತ್ತು ನಿನ್ನ ಪರೀಕ್ಷೆ ಅಂತ ಅಪ್ಪ ಅಮ್ಮ ಈ ಕಂಪ್ಯೂಟರನ್ನ ನಿನ್ನ ರೂಮಿಗೆ ಎತ್ಕೊಂಡು ಹೋದ್ರಲ್ಲ, ಆಗ್ಲೂ ನನ್ನ ಕೇಳ್ಲಿಲ್ಲ. ನೀನು ಅದರ ಮೇಲೆ ಟವೆಲ್ ಒಣಹಾಕ್ದೆ. ಇವತ್ತು ಊರಿಗೆಲ್ಲ ಡಂಗುರ ಸಾರ್ದೆ. ನೀನು ತಂದ ಹೊಸ ಅಸೆಂಬ್ಲರೇ ಬೇರೆ ಥರ ಇರಬಹುದು ಅಂತ ಹೊಳೀಲಿಲ್ಲ ನಿಂಗೆ. ತಂಗಿ ತಪ್ಪು ಮಾಡಿರ್ತಾಳೆ ಅನ್ನೋದು ಮಾತ್ರ ತಕ್ಷಣ ಹೊಳೀತು!"

ಅವನು ಬ್ರಾಕೆಟ್ ಹಾಕಲು ಕೈ ಚಾಚಿದ. ಅವಳು ಲ್ಯಾಪ್‌ಟಾಪನ್ನು ಪಟ್ಟೆಂದು ಮುಚ್ಚಿ ಅವನ ಎದೆಗೊತ್ತಿದಳು. ಹಳೆಯ ಅಸೆಂಬ್ಲರಿನ ಕ್ಯಾಸೆಟ್ಟನ್ನು ಟೇಪ್‌ರೆಕಾರ್ಡರಿಗೆ ಹಾಕಿ ಗುಂಡಿ ಅದುಮಿದಳು. ಟೇಪಿನಿಂದ ಅಸೆಂಬ್ಲರು ಕಂಪ್ಯೂಟರಿಗೆ ಇಳಿಯುತ್ತಿದ್ದಂತೆ ಸ್ಪೀಕರು ಕೀರಲು ದನಿಯಲ್ಲಿ ಕಿರುಚತೊಡಗಿತು. ಆಡಲು ನಿಂತಿದ್ದವರು ಮುಖ ಸಿಂಡರಿಸಿದರು.

ಮೇಜಿನ ಮುಂದೆ ಇದ್ದದ್ದು ಒಂದೇ ಕುರ್ಚಿ. ಅದರಲ್ಲಿ ಅವಳು ಕೂತಳು. ಸಿಟ್ಟು ಎಳ್ಳಷ್ಟೂ ಇಳಿದಿರಲಿಲ್ಲ. ಅಣ್ಣ ಆಡಲು ನಿಂತಿದ್ದವರ ಸಾಲಿನ ಕೊನೆಗೆ ಹೋಗಿ ನಿಂತ.

ಅಲ್ಲಿದ್ದ ಮುದುಕರೊಬ್ಬರು ಅವನ ಕಡೆ ಬಾಗಿದರು. "ಏನು ಡಾಕ್ಟ್ರೇ, ಕೆಟ್ಟೋಯ್ತಾ? ಬೆಳಗ್ಗೆ ಹೇಳ್ತಿದ್ರಲ್ಲ, ಲೆಕ್ಕ ಏನೋ..."

ಅಣ್ಣ ಮೆಲ್ಲಗೆ ಏನೋ ಅಂದ. ಟೇಪಿನ ಗದ್ದಲಕ್ಕೆ ಅವರಿಗೆ ಕೇಳಿಸಲಿಲ್ಲ. ಕಿವಿಗೆ ಕೈ ಹಿಡಿದು "ಆಂ?" ಎಂದರು. ಕೊನೆಗೆ ಅವನು ಕೂಗಿಯೇ ಹೇಳಬೇಕಾಯಿತು:

"ನಂಗೊತ್ತಿಲ್ಲ! ಬರೆದವಳು ಅವಳು, ಅವಳನ್ನೇ ಕೇಳಿ!"

ಅವಳು ತಿರುಗಿ ನೋಡಲಿಲ್ಲ. ಟೇಪು ಇನ್ನೂ ಅರ್ಧವೂ ಓಡಿರಲಿಲ್ಲ.