ಹೊಗೆಯಿಲ್ಲದ ಟೂ-ಸ್ಟ್ರೋಕ್

ಊರಿಗೆಲ್ಲ ಅವರು ಪಿಸ್ಟನ್ ಮಾವ. ಲೇತ್ ಮೆಷಿನ್ನಿನ ಮುಂದೆ ಆಯಸ್ಸು ಸವೆಸಿದವರು. ಮೂಗಿನ ತುದಿಯಲ್ಲೇ ಕೋಪ. ಎಪ್ಪತ್ತರ ದಶಕದಲ್ಲಿ ಜಪಾನಿನಿಂದ ಬಂದಿಳಿದ ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಬೈಕೊಂದು ಅವರ ಬಳಿ ಇತ್ತು. ಅದನ್ನು ಯಾರಾದರೂ ‘ಹಳೇ ಬೈಕು’ ಎಂದರೆ ಅವರೊಂದಿಗೆ ಮಾತೇ ಬಿಟ್ಟುಬಿಡುತ್ತಿದ್ದರು. ಸ್ವಂತ ಮಗನೇ ಒಮ್ಮೆ ಹಾಗೆಂದು, ವಾರಗಟ್ಟಲೆ ಅಪ್ಪನ ಬೆನ್ನು ನೋಡಿಕೊಂಡು ಉಂಡಿದ್ದ.

ವರ್ಷಕ್ಕೊಮ್ಮೆ ಇಂಥ ಬೈಕಿನವರೆಲ್ಲ ಸೇರಿ ಊರಾಚೆಯ ಗುಡ್ಡ ಹತ್ತುತ್ತಾರೆ. ಬಹುಮಾನ ಏನೂ ಇಲ್ಲ. ದಾರಿಯಲ್ಲಿ ನಿಲ್ಲದೆ ತುದಿ ಮುಟ್ಟಿದವರು ಮುಂದಿನ ವರ್ಷದವರೆಗೆ ಮೀಸೆ ತಿರುವಬಹುದು, ಅಷ್ಟೇ. ಮಾವನ ಗಾಡಿ ಒಮ್ಮೆಯೂ ನಿಂತದ್ದಿಲ್ಲ. ಆದರೆ ಈಗ ಅವರ ಮಂಡಿ ಕೈಕೊಟ್ಟಿತ್ತು, ಕಿಕ್ ಹೊಡೆಯಲು ಆಗುತ್ತಿರಲಿಲ್ಲ. ಮಗನಿಗೆ ಬೈಕೆಂದರೆ ಎದೆ ನಡುಗುತ್ತದೆ. ಗಾಡಿಯ ಮೇಲೆ ಬಹುಕಾಲದಿಂದ ಕಣ್ಣಿಟ್ಟವನು ಗೆಳೆಯ ಗಡ್ಡದವನು. ಅದನ್ನು ತನಗೆ ಕೊಡಿ ಎಂದು ಬಾಯಿಬಿಟ್ಟು ಕೇಳಿದವಳು ಶಾಲೆಯ ಬಸ್ಸು ಓಡಿಸುವ ಸೊಸೆ.

“ಎಲ್ಲೂ ನಿಲ್ಲದೆ ಗುಡ್ಡ ಹತ್ತಿಸು, ಗಾಡಿ ನಿಂದು,” ಎಂದರು ಮಾವ, ಎಲ್ಲರ ಮುಂದೆ. “ಮಧ್ಯೆ ನಿಂತ್ರೆ ಗಡ್ಡದವನಿಗೆ. ನನ್ನ ಮಾತು ಮಾತೇ.”

ಸೊಸೆ ಒಂದೇ ಕಿಕ್ಕಿಗೆ ಎಂಜಿನ್ ಎಬ್ಬಿಸಿದಳು. ಮಾವ ಹಿಂದೆ ಕೂತರು. ಈ ಬೈಕಿನಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸುವ ಗೋಜಿಲ್ಲ; ಬೇರೆ ಟ್ಯಾಂಕಿನಿಂದ ಪಂಪೊಂದು ಎಂಜಿನ್ನಿಗೆ ಎಣ್ಣೆ ಉಣಿಸುತ್ತದೆ. ಆ ಪಂಪನ್ನು ಮಾವ ಹಿಂದಿನ ದಿನವಷ್ಟೇ ಬಿಚ್ಚಿ, ತೊಳೆದು ಕೂಡಿಸಿದ್ದರು. ಹೊರಡುವಾಗ ಒಂದಿಷ್ಟು ನೀಲಿ ಹೊಗೆ ಬಂತು. ಗುಡ್ಡದ ಬುಡ ಸೇರುವಷ್ಟರಲ್ಲಿ ಅದೂ ನಿಂತಿತು.

“ಏನ್ ಮಾವ, ಟೂ-ಸ್ಟ್ರೋಕ್ ಗಾಡಿ, ಹೊಗೇನೇ ಇಲ್ಲ!” ರಸ್ತೆ ಬದಿಯವರು ಕೂಗಿದರು.

“ಕೈಗುಣ ಕಣ್ರೋ!” ಮಾವ ಎದೆಯುಬ್ಬಿಸಿ ಕೈ ಬೀಸಿದರು. ಹಿಂದೆ ಗಡ್ಡದವನ ಬೈಕು ಹಸಿ ಸೌದೆಯ ಒಲೆಯಂತೆ ಹೊಗೆಯುಗುಳುತ್ತಿತ್ತು.

ಸೊಸೆಗೆ ಮಾತ್ರ ನಗು ಬರಲಿಲ್ಲ. ಬಸ್ಸಿನ ಅಭ್ಯಾಸ, ಅವಳ ಕಣ್ಣು ಆಗಾಗ ಕನ್ನಡಿಗೆ ಹೋಗುತ್ತಿತ್ತು. ಕನ್ನಡಿಯಲ್ಲಿ ಗಡ್ಡದವನ ಬೈಕಿನವರೆಗೂ ರಸ್ತೆ ಸ್ವಚ್ಛವಾಗಿ ಕಾಣುತ್ತಿತ್ತು. ಏರು ಕಡಿದಾಯಿತು. ತುದಿಯ ಬಾವುಟ ಕಣ್ಣಿಗೆ ಬಿತ್ತು, ಉಳಿದದ್ದು ಒಂದೇ ತಿರುವು. ಅವಳು ಕ್ಲಚ್ ಹಿಡಿದಳು, ಕೀ ತಿರುಗಿಸಿದಳು, ಗಾಡಿಯನ್ನು ಬದಿಗೆ ತಂದು ನಿಲ್ಲಿಸಿಯೇಬಿಟ್ಟಳು.

ಮಾವ ಉರಿದುಬಿದ್ದರು. “ಏನಾಯ್ತೇ ನಿಂಗೆ? ಅಷ್ಟು ಚೆನ್ನಾಗಿ ಎಳೀತಿದ್ದ ಗಾಡೀನ! ನನ್ನ ಮಾನ ತೆಗೆದ್ಯಲ್ಲ!”

“ಮಾವ, ಹೊಗೆ ಎಲ್ಲಿ?”

“ಅದೇ ಅಲ್ವೇನೇ ಗತ್ತು!”

“ಎಣ್ಣೆ ಉರಿದ್ರೆ ಏರಲ್ಲಿ ಒಂಚೂರಾದ್ರೂ ಹೊಗೆ ಬರ್ಬೇಕಲ್ವಾ? ಎಣ್ಣೆ ಹೋಗ್ತಿಲ್ಲ ಅನ್ಸುತ್ತೆ. ಇನ್ನೊಂದು ತಿರುವಿಗೆ ಪಿಸ್ಟನ್ ಕಚ್ಕೊಂಡ್ಬಿಡೋದು.” ಅವಳ ಕಣ್ಣು ತುಂಬಿತ್ತು. “ಗಾಡಿ ಅವರಿಗೇ ಹೋಗ್ಲಿ ಬಿಡಿ. ಹಾಳಾಗ್ಬಾರ್ದು ಅಷ್ಟೇ.”

ಮಾವ ಬೈಯುತ್ತಲೇ ಬಗ್ಗಿ ನೋಡಿದರು. ಎಣ್ಣೆಯ ಪಾರದರ್ಶಕ ಕೊಳವೆಯೊಳಗೆ ಗಾಳಿಗುಳ್ಳೆಯೊಂದು ಎಣ್ಣೆಗೆ ಅಡ್ಡವಾಗಿ ಆರಾಮಾಗಿ ಕೂತಿತ್ತು. ಪಂಪ್ ಕೂಡಿಸಿದ ಮೇಲೆ ಗಾಳಿ ತೆಗೆಯಬೇಕಿತ್ತು, ತೆಗೆದಿರಲಿಲ್ಲ. ಬೈಗುಳ ಅರ್ಧಕ್ಕೇ ನಿಂತಿತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಸೊಸೆಯ ಮುಖ ನೋಡಿ ಮಾವನ ಎದೆ ತುಂಬಿ ಬಂತು.

ಅಷ್ಟರಲ್ಲಿ ಗಡ್ಡದವನು ಬಂದು ಅಂಗೈ ಚಾಚಿದ. “ನಿಂತಿತಲ್ಲಪ್ಪ. ಎಲ್ಲಿ, ಕೀ ಕೊಡು.”

“ಕೊಡಲ್ಲ.”

“ಎಲ್ಲರ ಮುಂದೆ ಮಾತು ಕೊಟ್ಟಿದ್ದೆ!”

“ಹೂಂ, ಈಗ ಎಲ್ಲರ ಮುಂದೇನೇ ಮುರೀತಿದೀನಿ. ಗಾಳಿ ತೆಗೆಯೋದು ಮರೆತೋನು ನಾನು. ಗಾಡಿ ಕೈತಪ್ಪಿದ್ರೂ ಸರಿ, ಎಂಜಿನ್ ಸಾಯ್ಬಾರ್ದು ಅಂತ ನಿಲ್ಲಿಸ್ದೋಳು ಇವಳು. ನೀನಾಗಿದ್ರೆ ನಿಲ್ಲಿಸ್ತಿದ್ಯಾ? ನಾನಂತೂ ನಿಲ್ಲಿಸ್ತಿರ್ಲಿಲ್ಲ ಕಣೋ.”

ಗಡ್ಡದವನು ಚಾಚಿದ ಕೈಯಲ್ಲೇ ಗಡ್ಡ ಕೆರೆದುಕೊಂಡ. “ನಾನೂ ಇಲ್ಲ ಬಿಡು,” ಎಂದು ತನ್ನ ಗಾಡಿಯಿಂದ ಸ್ಪ್ಯಾನರ್ ತಂದುಕೊಟ್ಟ.

ಎಂಜಿನ್ ತಣ್ಣಗಾಯಿತು, ಗುಳ್ಳೆ ಹೊರಬಿತ್ತು. ಸೊಸೆ ಕಿಕ್ ಹೊಡೆದಳು. ಸ್ವಲ್ಪ ಹೊತ್ತಿಗೆ ದಟ್ಟ ನೀಲಿ ಹೊಗೆ ಎದ್ದು, ಸುತ್ತ ನಿಂತವರೆಲ್ಲ ಮೂಗು ಮುಚ್ಚಿಕೊಂಡರು. ಮಾವ ಕೆಮ್ಮುತ್ತಲೇ ಹಿಂದಿನ ಸೀಟು ಹತ್ತಿ, ಗುಡ್ಡಕ್ಕೆಲ್ಲ ಕೇಳುವಂತೆ ಕೂಗಿದರು: “ದಾರಿ ಬಿಡ್ರೋ, ನಮ್ಮ ಸೊಸೆ ಗಾಡಿ ಬರ್ತಿದೆ!”