ರೇಡಿಯೋ ಹಾಕುವ ಪಾದ್ರಿ

ಚರ್ಚಿನ ಬಟ್ಟೆಗಳನ್ನೆಲ್ಲ ಒಗೆದು ಇಸ್ತ್ರಿ ಮಾಡುತ್ತಿದ್ದವಳನ್ನು ಎಲ್ಲರೂ ಇಸ್ತ್ರಿಯಮ್ಮ ಎಂದೇ ಕರೆಯುತ್ತಿದ್ದರು. ಗಂಡ ಸತ್ತು ಯಾವ ಕಾಲವಾಗಿತ್ತೋ, ಅವನ ಮೇಲಿನ ಸಿಟ್ಟು ಮಾತ್ರ ಇನ್ನೂ ಬಿಸಿಬಿಸಿಯಾಗಿತ್ತು. ಅಮ್ಮ ಅವಳಿಗೆಂದು ಕೊಟ್ಟಿದ್ದ ಹೊಲಿಗೆ ಮಿಷನ್ನು ಮದುವೆಯಾದ ಹೊಸದರಲ್ಲೇ ಮನೆಯಿಂದ ಮಾಯವಾಗಿತ್ತು. ಕುಡಿಯುವ ಗಂಡನಲ್ಲದೆ ಇನ್ಯಾರು ಮಾರಿರುತ್ತಾರೆ? ಅವನು ಸಾಯುವ ಹಾಸಿಗೆಯಲ್ಲೂ "ನಾನಲ್ಲ ಕಣೇ" ಎಂದಿದ್ದ. ಇವಳು ಔಷಧಿ ಕುಡಿಸುತ್ತಲೇ, "ಹಾಗಾದ್ರೆ ಅದೇ ಪೆಡಲ್ ತುಳ್ಕೊಂಡು ಹೋಯ್ತಾ?" ಎಂದು ಕೇಳಿದ್ದಳು. ಆ ಮಿಷನ್ನು ಇದ್ದಿದ್ದರೆ ಅವಳು ರಾಣಿಯರಿಗೆ ರವಿಕೆ ಹೊಲಿಯುತ್ತಿದ್ದಳು. ಅದಿಲ್ಲದೆ ಕೈಯೆಲ್ಲ ಸೋಪಿನಲ್ಲಿ ಬೆಂದುಹೋಯಿತು.

ಈಗ ಅವಳ ಅನುಮಾನ ಹೊಸ ಫಾದರ್ ಮೇಲೆ ತಿರುಗಿತ್ತು.

ಹಳೆಯ ಫಾದರ್ ಕಾಯಿಲೆಬಿದ್ದು ಎಲ್ಲೋ ದೂರಕ್ಕೆ ವಿಶ್ರಾಂತಿಗೆ ಹೋದರೆಂದು ಸುದ್ದಿ. ಅವರ ಜಾಗಕ್ಕೆ ಬಂದವನು ಕಡ್ಡಿಯಂಥ ಮನುಷ್ಯ. ಜೋರಾಗಿ ಗಾಳಿ ಬೀಸಿದರೆ ನಿಲುವಂಗಿಯೊಂದೇ ಉಳಿದು ಒಳಗಿನವನು ಹಾರಿಹೋಗಬೇಕು. ಹೆಂಗಸರ ಜೊತೆ ಮಾತಾಡುವಾಗ ಬಾಗಿಲನ್ನು ಪೂರ್ತಿ ತೆರೆದಿಡುತ್ತಿದ್ದ. ಪಾಪನಿವೇದನೆಯ ಕೋಣೆಯ ಬಾಗಿಲಿಗೂ ಗಾಜು ಹಾಕಿಸಿದ.

"ಪೇಪರಲ್ಲಿ ಪಾದ್ರಿಗಳ ಬಗ್ಗೆ ಏನೇನು ಬರುತ್ತೆ ನೋಡ್ತೀರಲ್ಲಮ್ಮ. ಈಗ ಜನ ನಮ್ಮನ್ನ ಕಂಡ್ರೆ ಮೊದಲು ಅನುಮಾನ ಪಡ್ತಾರೆ, ಆಮೇಲೆ ನಮಸ್ಕಾರ ಮಾಡ್ತಾರೆ" ಎಂದಿದ್ದ.

"ನಾನು ಎರಡನ್ನೂ ಒಟ್ಟಿಗೇ ಮಾಡ್ತೀನಿ ಫಾದರ್" ಎಂದಿದ್ದಳು ಇಸ್ತ್ರಿಯಮ್ಮ.

ಇಷ್ಟೊಂದು ಜಾಗ್ರತೆ ಮಾಡುವವನ ಹತ್ತಿರ ಮುಚ್ಚಿಡುವಂಥದ್ದು ಏನೋ ಇರಲೇಬೇಕು. ಅವಳ ಬಕೀಟೂ ಅದನ್ನೇ ಹೇಳುತ್ತಿತ್ತು. ಚರ್ಚಿನ ನಿಯಮದಂತೆ, ಪೂಜೆಯ ಪಾತ್ರೆ ಒರೆಸಿದ ಬಟ್ಟೆಯನ್ನು ಫಾದರ್ ತಾನೇ ಮೊದಲು ನೀರಿನಲ್ಲಿ ಜಾಲಿಸಿ, ಆ ನೀರನ್ನು ಗಿಡದ ಬುಡಕ್ಕೆ ಚೆಲ್ಲಬೇಕು. ಆಮೇಲಷ್ಟೇ ಅದು ಒಗೆಯುವವಳ ಕೈಗೆ. ಇತ್ತೀಚೆಗೆ ಗಂಟಿನಲ್ಲಿ ಅಂಥ ಬಟ್ಟೆ ದುಪ್ಪಟ್ಟು ಬರುತ್ತಿತ್ತು. ಹೆಚ್ಚಿನವುಗಳ ಮೇಲೆ ಅಂಗೈಯಗಲದ ವೈನಿನ ಕಲೆ, ಒಂದು ಸಲ ಜಾಲಿಸಿದ್ದರೂ ಬಿಡದ ಕಲೆ. ಪೂಜೆಯಲ್ಲಿ ಕುಡಿಯುವುದು ಒಂದು ಗುಟುಕು; ಇದನ್ನು ನೋಡಿದರೆ ಪೀಪಾಯಿಯೇ ಉರುಳಿಬಿದ್ದ ಹಾಗಿತ್ತು. ಸಾಲದ್ದಕ್ಕೆ ಮಧ್ಯಾಹ್ನವಾದರೆ ಅವನು ಶರ್ಟು ಪ್ಯಾಂಟು ಹಾಕಿಕೊಂಡು, ಚೀಲವೊಂದನ್ನು ಹಿಡಿದು, ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಮೆಟ್ಟಿಲು ಹತ್ತುತ್ತಿದ್ದ. ಆ ಮಹಡಿಯ ಕೋಣೆಯಲ್ಲಿ ರೇಡಿಯೋ ಮೂರು ಬೀದಿಗೆ ಕೇಳುವಂತೆ ಕಿರುಚುತ್ತಿತ್ತು. ವೈನು, ಹಾಡು, ಹಿಂದಿನ ಮೆಟ್ಟಿಲು. ಇನ್ನೇನು ಬೇಕು?

ಬೇರೆ ಸಮಯವಾಗಿದ್ದರೆ ಇದನ್ನೆಲ್ಲ ನಲ್ಲಿಯ ಹತ್ತಿರ ನಾಲ್ಕು ಜನರಿಗೆ ಹಂಚಿ ಹಗುರವಾಗುತ್ತಿದ್ದಳು. ಆದರೆ ಮನೆಯಲ್ಲಿ ಅಕ್ಕ ಮಲಗಿದ್ದಳು. ಡಾಕ್ಟರು ಕೈಚೆಲ್ಲಿದ್ದರು. ಸಾಯುವ ಮೊದಲು ಪಾಪನಿವೇದನೆ ಮಾಡಬೇಕೆಂದು ಅಕ್ಕನಿಗೆ ಆಸೆ, ಬಾಯಿ ಬಿಡಲು ಭಯ.

"ಹಳೇ ಫಾದರಿಗೆ ಒಂದ್ಸಲ ಹೇಳಿದ್ದೆ ಕಣೇ. ಅವರು ಒಂದು ಕೆಲಸ ಮಾಡು ಅಂದಿದ್ರು. ನಾನು ಮಾಡ್ಲಿಲ್ಲ. ಈಗ ಈ ಹೊಸಬನಿಗೆ ಹೇಳಿದ್ರೆ ಹೊಟ್ಟೇಲಿ ಇಟ್ಕೋತಾನಾ?"

"ಇಟ್ಕೊಳ್ಳೋಕೆ ಅವನಿಗೆ ಹೊಟ್ಟೆ ಎಲ್ಲಿದೆ ಅಕ್ಕ?"

"ತಮಾಷೆ ಬೇಡ. ಅವನ ಬಟ್ಟೆ ಒಗೆಯೋಳು ನೀನು, ನಿಂಗೆ ಗೊತ್ತಾಗುತ್ತೆ. ನೀನು ಹೂಂ ಅಂದ್ರೆ ಕರೆಸು. ಇಲ್ಲಾಂದ್ರೆ ಹೀಗೇ ಹೊತ್ಕೊಂಡು ಹೋಗ್ತೀನಿ."

"ಅಂಥಾದ್ದೇನು ಹೊತ್ಕೊಂಡಿದೀಯಾ?"

ಅಕ್ಕ ಗೋಡೆಯ ಕಡೆ ತಿರುಗಿಬಿಟ್ಟಳು.

ಮಾರನೆಯ ಮಧ್ಯಾಹ್ನ ಇಸ್ತ್ರಿಯಮ್ಮ ಫಾದರ್ ಹಿಂದೆಯೇ ಹೋದಳು. ಸೈಕಲ್ಲಿನವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. "ಮೇಲೆ ಯಾರಪ್ಪ ಇರೋದು?" ಎಂದು ಕೇಳಿದಳು. ಅವನು ಅವಳನ್ನು ಕಾಲಿನಿಂದ ತಲೆಯವರೆಗೂ ನೋಡಿ, "ಸೈಕಲ್ ಎಲ್ಲಿ?" ಎಂದ. ಇವನೂ ಇದರಲ್ಲಿ ಶಾಮೀಲು ಎಂದುಕೊಂಡು ಮೆಟ್ಟಿಲು ಹತ್ತಿದಳು.

ರೇಡಿಯೋ ನಿಂತಿತ್ತು. ಬಾಗಿಲು ಅರ್ಧ ತೆರೆದಿತ್ತು. ಹೆಂಗಸಿನ ಚಪ್ಪಲಿ ಹುಡುಕುತ್ತಾ ಇಣುಕಿದ ಅವಳಿಗೆ ಕಂಡದ್ದು ಕುರ್ಚಿಯಲ್ಲಿ ಕುಳಿತಿದ್ದ ಹಳೆಯ ಫಾದರ್. ಕೊರಳಲ್ಲಿ ಪೂಜೆಯ ಪಟ್ಟಿ, ನಡುಗುವ ಕೈಯಲ್ಲಿ ಪಾತ್ರೆ, ಎದೆಯ ಮೇಲೆಲ್ಲ ವೈನು. ಹೊಸ ಫಾದರ್ ಮಂಡಿಯೂರಿ ಅದನ್ನು ಬಟ್ಟೆಯಲ್ಲಿ ಒತ್ತಿ ಒತ್ತಿ ತೆಗೆಯುತ್ತಿದ್ದ.

ಮುದುಕರು ಅವಳನ್ನು ನೋಡಿದರು. ಮುಖ ಅರಳಿತು.

"ಬಂದ್ಯಾ ಮಗಳೇ? ನಿನ್ನ ಅಕ್ಕ ಹೇಳಿದ್ಲಾ? ಆ ಹೊಲಿಗೆ ಮಿಷನ್ನು ಮಾರಿದ್ದು ನಾನೇ ಅಂತ ತಂಗಿ ಹತ್ರ ಒಪ್ಕೊಂಡ್ಬಿಡಮ್ಮ ಅಂತ ಅವಳಿಗೆ ಅಂದಿದ್ದೆ, ಸುಮ್ನೆ ಅವಳ ಗಂಡನ ಮೇಲೆ..."

ಹೊಸ ಫಾದರ್ ಹಾರಿ ಎದ್ದು ರೇಡಿಯೋದ ಗುಂಡಿ ತಿರುಗಿಸಿದ. ಹಾಡು ಕೋಣೆಯ ತುಂಬ ಅಬ್ಬರಿಸಿತು. ಅದರ ನಡುವೆ ಮುದುಕರ ತುಟಿ ಮಾತ್ರ ಆಡುತ್ತಲೇ ಇತ್ತು. ಅವನು ಇಸ್ತ್ರಿಯಮ್ಮನನ್ನು ಹೊರಗೆ ಕರೆತಂದು ಬಾಗಿಲು ಎಳೆದುಕೊಂಡ.

"ಅವರಿಗೆ ತಮ್ಮ ಹೆಸರೇ ಮರೆತುಹೋಗಿದೆ ಅಮ್ಮ. ಜನ ಬಂದು ಹೇಳ್ಕೊಂಡಿದ್ದು ಮಾತ್ರ ಒಂದೂ ಮರೆತಿಲ್ಲ" ಎಂದ. "ವೃದ್ಧಾಶ್ರಮಕ್ಕೆ ಕಳಿಸಿದ್ರೆ ನರ್ಸು, ಅಡುಗೆಯವರು, ಎಲ್ಲರ ಕಿವಿಗೂ ಬೀಳುತ್ತೆ. ಕೆಳಗಿರೋ ಸೈಕಲ್ ಅಂಗಡಿಯವರಿಗೆ ಕಿವಿ ಕೇಳಲ್ಲ. ಅದಕ್ಕೇ ಇವರನ್ನ ಅವರ ಕೈಲಿ ಒಪ್ಪಿಸಿದೀನಿ. ಪೂಜೆ ಮಾಡುವಾಗ ಇವರ ಬಾಯಲ್ಲಿ ಬೇರೆ ಮಾತು ಬರಲ್ಲ, ಆವಾಗಷ್ಟೇ ರೇಡಿಯೋ ನಿಲ್ಲಿಸ್ತೀನಿ."

"ನೀವೇ ಕೇಳಿಸ್ಕೋತೀರಲ್ಲ?"

"ನಾನೂ ಕೇಳಿಸ್ಕೋಬಾರ್ದು ಅಂತಲೇ ರೇಡಿಯೋ. ಸಿನಿಮಾ ಹಾಡೆಲ್ಲ ಬಾಯಿಪಾಠ ಆಗಿದೆ."

ಅವಳಿಗೆ ಇನ್ನೊಂದು ಹೊಳೆಯಿತು. ಅವಳೂ ಹಳೆಯ ಫಾದರ್ ಮುಂದೆ ಎಷ್ಟೋ ವರ್ಷ ಮಂಡಿಯೂರಿದವಳೇ. "ನಂದೇನಾದ್ರೂ ಹೇಳಿದ್ರಾ?"

"ಆವಾಗ ಯಾವ ಹಾಡು ಬರ್ತಿತ್ತೋ ನೆನಪಿಲ್ಲ."

ಅವಳು ಅವನ ಮುಖವನ್ನು ಇಸ್ತ್ರಿ ಮಾಡಬೇಕಾದ ಬಟ್ಟೆಯಂತೆ ಆ ಕಡೆ ಈ ಕಡೆ ನೋಡಿದಳು. ಒಂದು ಸುಕ್ಕೂ ಸಿಗಲಿಲ್ಲ.

"ಪಾಪನಿವೇದನೆ ಅಕಸ್ಮಾತ್ತಾಗಿ ಕಿವಿಗೆ ಬಿದ್ದವರಿಗೂ ನಮ್ಮಂಥ ಪಾದ್ರಿಗಳಿಗಿರೋ ಕಟ್ಟೇ ಅಮ್ಮ. ಯಾರ ಹತ್ರಾನೂ ಆಡೋ ಹಾಗಿಲ್ಲ. ಆ ಪಾಪ ಯಾರದ್ದೋ ಅವರ ಹತ್ರಾನೂ ಎತ್ತೋ ಹಾಗಿಲ್ಲ."

"ಅಂದ್ರೆ ನಾನೀಗ ಅರ್ಧ ಪಾದ್ರಿ."

"ಕಷ್ಟದ ಅರ್ಧವೇ ನಿಮ್ಮ ಪಾಲಿಗೆ ಬಂತು."

ಮನೆಗೆ ಹೋಗುವ ದಾರಿಯಲ್ಲಿ ಅವಳ ನೆತ್ತಿಯ ಮೇಲೆ ಹತ್ತು ಅಂಗಿ ಇಸ್ತ್ರಿ ಮಾಡಬಹುದಿತ್ತು. ಜೀವಮಾನವಿಡೀ ಗಂಡನನ್ನು ಕಳ್ಳ ಎಂದು ಕುಟುಕಿದ್ದಳು, ಮಿಷನ್ನು ಮಾರಿದ ಅಕ್ಕನಿಗೆ ಪಕ್ಕದಲ್ಲೇ ಎಲೆ ಹಾಕಿ ಬಡಿಸಿದ್ದಳು. ಹೊಸಿಲು ದಾಟುವಾಗ ಸೂರು ಹಾರಿಸುವಷ್ಟು ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಏನಾಯ್ತೇ? ನಂಬಬಹುದಾ?" ಎಂದಳು ಅಕ್ಕ. ದನಿ ದಾರದಷ್ಟು ತೆಳ್ಳಗಿತ್ತು.

ಇಲ್ಲ ಎಂದರೆ ಸಾಕಿತ್ತು. ಅಕ್ಕ ಅದನ್ನು ಹೊತ್ತುಕೊಂಡೇ ಹೋಗುತ್ತಿದ್ದಳು. ಇಸ್ತ್ರಿಯಮ್ಮ ಗೋಡೆಯ ಮೇಲಿದ್ದ ಗಂಡನ ಫೋಟೋ ನೋಡಿದಳು. ಅವನು ಯಾವತ್ತಿನಂತೆ ಅರ್ಧ ಹಲ್ಲು ಬಿಟ್ಟುಕೊಂಡು ನಿಂತಿದ್ದ. ಅವಳು ಬಂದ ಮಾತನ್ನೆಲ್ಲ ನುಂಗಿದಳು.

"ಕರೆಸ್ತೀನಿ. ಅವನಿಗೆ ಹೇಳಿದ್ರೆ ಬಾವಿಗೆ ಹಾಕಿದ ಹಾಗೆ" ಎಂದಳು.

ಸಂಜೆ ಫಾದರ್ ಬಂದ. ಅಭ್ಯಾಸಬಲದಿಂದ ಕೋಣೆಯ ಬಾಗಿಲನ್ನು ತೆರೆದೇ ಇಟ್ಟ. ಇಸ್ತ್ರಿಯಮ್ಮ ಹೋಗಿ ಅದನ್ನು ಎಳೆದು ಮುಚ್ಚಿದಳು. "ಇವತ್ತೊಂದಿನ ಅನುಮಾನ ಪಡಲ್ಲ" ಎಂದು ಹಿತ್ತಲಿಗೆ ಹೋಗಿ, ತಗಡಿನ ಬಕೀಟನ್ನು ಬೋರಲು ಹಾಕಿ ಅದರ ಮೇಲೆ ನಲ್ಲಿಯನ್ನು ಪೂರ್ತಿ ಬಿಟ್ಟಳು. ತಗಡು ಹತ್ತು ಮನೆಗೆ ಕೇಳುವಂತೆ ಬಡಿದುಕೊಂಡಿತು. ನೀರು ಹರಿದು ಪಾದ ನೆನೆಯಿತು. ಅವಳು ಕದಲಲಿಲ್ಲ.

ಬಹಳ ಹೊತ್ತಿನ ಮೇಲೆ ಫಾದರ್ ಹಿತ್ತಲ ಬಾಗಿಲಿಗೆ ಬಂದು ನಿಂತ.

"ಅಕ್ಕ ಕರೀತಿದಾರೆ."

"ಯಾಕಂತೆ?"

"ನಂಗೇನು ಗೊತ್ತಮ್ಮ."

"ಸುಳ್ಳನ್ನೂ ಎಷ್ಟು ಮಡಿಯಾಗಿ ಹೇಳ್ತೀರಿ" ಎಂದು ಅವಳು ನಲ್ಲಿ ನಿಲ್ಲಿಸಿದಳು. ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಬಂದು, ಗಂಡನ ಫೋಟೋವನ್ನು ಮೊಳೆಯಿಂದ ಇಳಿಸಿ ಕಂಕುಳಲ್ಲಿಟ್ಟುಕೊಂಡು, ಅಕ್ಕನ ಕೋಣೆಗೆ ಹೋದಳು.